ನೀರಿಗಿಳಿಸುವವರ ಧರ್ಮ



ತಾಯಿತಂದೆಗಳು ತಮ್ಮ ಮಗುವನ್ನು ಶಾಲೆಗೆ ಒಪ್ಪಿಸುವಾಗ ನಿಜವಾಗಿ ಒಪ್ಪಿಸುವುದೇನನ್ನು? ಅಕ್ಷರ ಕಲಿಯುವ ಬುದ್ಧಿಯನ್ನು ಮಾತ್ರವೇ, ಇಲ್ಲವೆ ಆ ಮಗುವಿನ ಪ್ರಾಣವನ್ನೂ? ಈ ಪ್ರಶ್ನೆ ತರಗತಿಯ ಕೋಣೆಯಲ್ಲಿ ಏಳುವುದಿಲ್ಲ. ಅಲ್ಲಿ ನಾಲ್ಕು ಗೋಡೆಗಳಿವೆ, ಗಂಟೆ ಇದೆ, ಹಾಜರಿ ಪುಸ್ತಕವಿದೆ. ಮಕ್ಕಳನ್ನು ಶಾಲೆಯ ಬಾಗಿಲಿನಿಂದಾಚೆಗೆ, ಅದರಲ್ಲಿಯೂ ನೀರಿನ ಅಂಚಿಗೆ ಕರೆದೊಯ್ಯುವ ದಿನ ಅದು ಧುತ್ತೆಂದು ಎದುರಿಗೆ ನಿಲ್ಲುತ್ತದೆ.

ಇಂಡಿಯ ಕಡೆಯ ಶಿಕ್ಷಕ ಮಿತ್ರರೊಬ್ಬರು, ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು, ಕೆಲ ದಿನಗಳ ಹಿಂದೆ ನನ್ನಲ್ಲಿಗೆ ಬಂದಿದ್ದರು. ಅವರ ಶಾಲೆಯವರು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರಾವಳಿಗೆ ಕರೆದೊಯ್ದು, ಕಡಲ ಅಲೆಗಳ ಮೇಲೆ ಕಯಾಕ್ ಎಂಬ ಕಿರುದೋಣಿ ನಡೆಸುವುದನ್ನು ಕಲಿಸಿ, ಎರಡು ರಾತ್ರಿ ಡೇರೆಯಲ್ಲಿ ತಂಗಿಸಿ ಕರೆತರಬೇಕೆಂದು ಆಲೋಚಿಸಿದ್ದಾರೆ. “ಒಪ್ಪಲೋ ಬೇಡವೋ?” ಎಂಬುದು ಮಿತ್ರರ ಪ್ರಶ್ನೆ. ಒಪ್ಪಿದರೆ ರಾತ್ರಿ ನಿದ್ರೆ ಬಾರದು. ಒಪ್ಪದಿದ್ದರೆ ಮಕ್ಕಳ ಮುಖ ನೋಡಲಾಗದು. ಅವರಿಗೆ ಆ ದಿನ ಸಮರ್ಪಕವಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆ ಮೇಲೆ ಯೋಚಿಸಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಶಿಕ್ಷಕರು, ಎಲ್ಲರೂ ಒಂದಲ್ಲ ಒಂದು ಮಗುವಿನ ಹಿರಿಯರು; ಆದುದರಿಂದ ಈ ಪ್ರಶ್ನೆ ನಿಮ್ಮದೂ ಹೌದು.

ಮೊದಲು ಬೇಡವೆನ್ನುವವರ ಪಕ್ಷವನ್ನು ಕೇಳೋಣ. ಅದು ಹಗುರವಾದ ಪಕ್ಷವಲ್ಲ. ನಮ್ಮದು ಜೋಳದ ನಾಡು, ಎರೆಯ ನಾಡು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳು ಬಿಸಿಲನ್ನು ಬಲ್ಲರು, ಕಡಲನ್ನು ಕಂಡವರಲ್ಲ. ಕಡಲು ಹರಿಯುವ ಹೊಳೆಯಂತೆಯೂ ಅಲ್ಲ, ನಿಂತ ಬಾವಿಯಂತೆಯೂ ಅಲ್ಲ. ದಂಡೆಗೆ ನುಗ್ಗಿದ ಅಲೆಯ ನೀರು ಹಿಂದಿರುಗುವಾಗ ಒಮ್ಮೊಮ್ಮೆ ಕಿರಿದಾದ ಓಣಿಯೊಂದನ್ನು ಮಾಡಿಕೊಂಡು ಒಳಗಡಲಿಗೆ ವೇಗವಾಗಿ ಹರಿಯುತ್ತದೆ. ಮೇಲಿನಿಂದ ನೋಡಿದರೆ ಅಲೆಗಳು ಒಡೆಯದ, ಶಾಂತವಾದ ಜಾಗದಂತೆ ಕಾಣುವುದೇ ಆ ಓಣಿ. ತಿಳಿಯದವನು ಅದನ್ನೇ ಸುರಕ್ಷಿತವೆಂದು ಬಗೆದು ಅಲ್ಲಿಗೆ ಇಳಿಯುತ್ತಾನೆ. ಸೆಳೆತಕ್ಕೆ ಸಿಕ್ಕು, ದಂಡೆಯತ್ತ ನೇರವಾಗಿ ಈಜಲು ಹೆಣಗಿ, ತೋಳು ಸೋತು ಮುಳುಗುತ್ತಾನೆ. ದಂಡೆಗೆ ಸಮಾನಾಂತರವಾಗಿ ಒಂದಿಷ್ಟು ದೂರ ಸರಿದರೆ ಆ ಸೆಳೆತ ತಾನಾಗಿ ಬಿಟ್ಟುಕೊಡುತ್ತದೆಂಬ ಅರಿವು ಇದ್ದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲ ತೀರದಲ್ಲಿ ನಡೆದುದನ್ನು ನೀವು ಮರೆತಿರಲಾರಿರಿ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಅಲೆಗಳ ಪಾಲಾದರು. ಅದೇ ವರ್ಷದ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ವಿಹಾರದ ದೋಣಿ ಮಗುಚಿ ಹನ್ನೆರಡು ಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡರು. ದೋಣಿಯಲ್ಲಿ ಮಿತಿಮೀರಿ ಜನರನ್ನು ತುಂಬಲಾಗಿತ್ತು, ಬಹುಮಂದಿಗೆ ರಕ್ಷಾಕವಚವೇ ಇರಲಿಲ್ಲ. 2007ರ ಫೆಬ್ರವರಿ 20ರಂದು ಕೇರಳದ ತಟ್ಟೇಕ್ಕಾಡಿನಲ್ಲಿಯೂ ಹೀಗೆಯೇ ಆಗಿತ್ತು: ಶಾಲೆಯ ಪ್ರವಾಸ, ಮಿತಿಮೀರಿದ ದೋಣಿ, ಹದಿನೈದು ಮಕ್ಕಳು, ಮೂವರು ಶಿಕ್ಷಕರು. ಇಷ್ಟನ್ನು ಓದಿದ ತಾಯಿಯೊಬ್ಬಳು “ನನ್ನ ಮಗುವನ್ನು ಎಲ್ಲಿಗೂ ಕಳಿಸಲಾರೆ” ಎಂದರೆ ಅವಳನ್ನು ಅಂಜುಬುರುಕಿ ಎನ್ನುವ ಅಧಿಕಾರ ಯಾರಿಗಿದೆ?

ಆದರೆ ಈ ಪಕ್ಷದಲ್ಲಿ ಒಂದು ಕೊರತೆಯಿದೆ. ನಾವು ಮಕ್ಕಳನ್ನು ನೀರಿನಿಂದ ದೂರವಿಟ್ಟರೆ ನೀರೂ ಮಕ್ಕಳಿಂದ ದೂರವಿರುತ್ತದೆಂದು ಅದು ನಂಬಿಕೊಂಡಿದೆ. ನಮ್ಮ ಅಜ್ಜಂದಿರ ಕಾಲಕ್ಕೆ ಆ ನಂಬಿಕೆ ಒಂದು ಮಟ್ಟಿಗೆ ಸರಿಯಿತ್ತು. ಅಂದು ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಉಳಿದ ನೆಲಕ್ಕೆಲ್ಲ ಮೋಡವೇ ಗತಿ. ಇಂದು ಆ ಚಿತ್ರ ಬದಲಾಗಿದೆ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿರಿಸಿದ ಆಲಮಟ್ಟಿ ಅಣೆಕಟ್ಟು ಹಿಂದೆ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ. ಅದು ತುಂಬಿದಾಗ 123 ಟಿ.ಎಂ.ಸಿ. ನೀರು ನಮ್ಮ ಹೊಲಗಳ ಮಗ್ಗುಲಲ್ಲಿ ನಿಲ್ಲುತ್ತದೆ. ಕೆಳಗೆ 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವ ಸಾಗರವಿದೆ. ಅದರ ಎಡದಂಡೆಯ ನೀರು ಕವಲೊಡೆದು ಸಿಂದಗಿ, ಇಂಡಿಯ ನೆಲದವರೆಗೂ ಕಾಲುವೆಯಾಗಿ ಬಂದಿದೆ. ಊರೂರಿಗೆ ಕೃಷಿ ಹೊಂಡಗಳಾಗಿವೆ. ನೀರಿಗಾಗಿ ತಲೆಮಾರುಗಟ್ಟಲೆ ಪ್ರಾರ್ಥಿಸಿದ ನಾಡಿಗೆ ನೀರು ಬಂದುದು ಭಾಗ್ಯವೇ ಸರಿ. ಆದರೆ ನೀರಿನೊಡನೆ ಬಾಳುವ ವಿದ್ಯೆ ಆ ಕಾಲುವೆಯಲ್ಲಿ ಹರಿದುಬರಲಿಲ್ಲ.

ಯೋಚಿಸಿ ನೋಡಿ. ಹಳೆಯ ಬಾವಿಗೆ ಮೆಟ್ಟಿಲಿದ್ದವು, ಹಿಡಿದುಕೊಳ್ಳಲು ಕಲ್ಲಿನ ಸಂದಿಗಳಿದ್ದವು. ಕಾಲುವೆಯ ದಂಡೆಗೆ ನುಣುಪಾದ ಸಿಮೆಂಟು, ಇಳಿಜಾರಿನಲ್ಲಿ ಪಾಚಿ, ಬಿದ್ದವನ ಕೈಗೆ ಹಿಡಿಯಲು ಏನೂ ಸಿಗದು. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಅದಕ್ಕಿಂತ ನುಣುಪು. ಒಳಗೆ ಜಾರಿದವನು ಎಷ್ಟು ಹತ್ತಲೆಳಸಿದರೂ ಮತ್ತೆ ಜಾರುತ್ತಾನೆ. ಭೀಮೆಯ ಪಾತ್ರದಲ್ಲಿ ಮರಳು ತೋಡಿದ ಗುಂಡಿಗಳಿವೆ. ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವನ ತಲೆ ಮುಂದಿನ ಹೆಜ್ಜೆಗೆ ಕಾಣದಾಗುತ್ತದೆ. ಹಿನ್ನೀರಿನ ಅಡಿಯಲ್ಲಿ ಮುಳುಗಿದ ಊರುಗಳ ಗೋಡೆಗಳಿವೆ, ಮುಳ್ಳಿನ ಮರಗಳಿವೆ, ಹಳೆಯ ಬಾವಿಗಳೂ ಇವೆ. ಕೃಷ್ಣೆಯಲ್ಲಿ ಮೊಸಳೆಗಳಿರುವುದನ್ನು ಹೊಳೆಸಾಲಿನವರೆಲ್ಲ ಬಲ್ಲರು. ಇವೆಲ್ಲವೂ ಶಾಲೆಯ ಪ್ರವಾಸದ ಸ್ಥಳಗಳಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳು ಆಡುವ ಸ್ಥಳಗಳು. ನಾವು ಕರೆದೊಯ್ಯದಿದ್ದರೆ ಬೇಸಿಗೆಯ ಒಂದು ಮಧ್ಯಾಹ್ನ ಅವರು ತಾವೇ ಹೋಗುತ್ತಾರೆ, ಯಾರಿಗೂ ಹೇಳದೆ ಹೋಗುತ್ತಾರೆ. ಆದುದರಿಂದ ಮಕ್ಕಳು ನೀರಿಗೆ ಹೋಗಬೇಕೋ ಬೇಡವೋ ಎಂದು ಕೇಳುವ ಕಾಲ ಕಳೆದುಹೋಯಿತು. ಅರಿತವರೊಡನೆ ಹೋಗಬೇಕೋ, ಅರಿಯದೆ ಹೋಗಬೇಕೋ ಎಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಇನ್ನು ಬೇಕೆನ್ನುವವರ ಪಕ್ಷ. ಸಾಹಸದಿಂದ ಧೈರ್ಯ ಬೆಳೆಯುತ್ತದೆ, ಹೆದರಿಕೆ ಹೋಗುತ್ತದೆ, ಮಕ್ಕಳು ಗಟ್ಟಿಗರಾಗುತ್ತಾರೆ ಎಂಬುದು ಇವರ ವಾದ. ಇದು ಅರ್ಧ ಸತ್ಯ. ಅರ್ಧ ಸತ್ಯವಾದುದರಿಂದಲೇ ಪರೀಕ್ಷಿಸಿ ಸ್ವೀಕರಿಸಬೇಕಾದುದು. ಧೈರ್ಯವೆಂದರೆ ಭಯವಿಲ್ಲದಿರುವುದೆಂದು ಅನೇಕರು ಬಗೆದಿದ್ದಾರೆ. ನೀರಿನ ಮುಂದೆ ಭಯವಿಲ್ಲದವನು ಧೀರನಲ್ಲ, ಅಜ್ಞಾನಿ. ಭಯಕ್ಕೆ ಹೆಸರಿಟ್ಟು, ಅದರ ಕಾರಣವನ್ನು ಅರಿತು, ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡು ಮುನ್ನಡೆದವನೇ ಧೀರ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಾರಾಯಣಪುರದ ಕೆಳಗೆ, ಸುರಪುರ ಸೀಮೆಯಲ್ಲಿ, ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಹಳ್ಳಿಯಿದೆ. 2014ರ ಜುಲೈ ಕೊನೆಯಲ್ಲಿ, ಹೊಳೆ ತುಂಬಿ ದೋಣಿ ನಡೆಯದಿದ್ದಾಗ, ಅಲ್ಲಿನ ತುಂಬು ಗರ್ಭಿಣಿಯೊಬ್ಬರು ಸುರಕ್ಷಿತವಾದ ಹೆರಿಗೆಗಾಗಿ ಹೊಳೆಯನ್ನು ಈಜಿ ದಾಟಿದರು. ಕೇಳಿದವರೆಲ್ಲ ಅವರ ಎದೆಗಾರಿಕೆಯನ್ನು ಕೊಂಡಾಡಿದರು. ಕೊಂಡಾಡತಕ್ಕದ್ದೇ. ಆದರೆ ಆ ಸಾಹಸದ ಒಳಗಿನ ವ್ಯವಸ್ಥೆಯನ್ನು ಗಮನಿಸಿದವರು ಕಡಿಮೆ. ಮೈಗೆ ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಕಟ್ಟಿದ್ದರು. ಮುಂದೆ ಒಬ್ಬರು, ಹಿಂದೆ ಒಬ್ಬರು ಎಂದು ಈಜುಬಲ್ಲ ಮನೆಯ ಗಂಡಸರು ಸುತ್ತುವರಿದಿದ್ದರು. ಹುಟ್ಟಿದಂದಿನಿಂದ ಆ ಹೊಳೆಯ ಗುಣವನ್ನು ಬಲ್ಲವರು ಅವರು. ಅನಿವಾರ್ಯದ ವೇಳೆಯಲ್ಲಿಯೂ, ಅಕ್ಷರ ಕಲಿಯದವರೆಂದು ನಾವು ಎಣಿಸುವ ಜನರು, ತೇಲುವ ಸಾಧನ, ಬೆಂಗಾವಲು, ನೀರಿನ ಜ್ಞಾನ ಈ ಮೂರನ್ನೂ ಮರೆಯಲಿಲ್ಲ. ಹಾಗಿರುವಾಗ ಸಂತೋಷಕ್ಕಾಗಿ, ಶಿಕ್ಷಣಕ್ಕಾಗಿ ಮಕ್ಕಳನ್ನು ನೀರಿಗೆ ಇಳಿಸುವ ವಿದ್ಯಾವಂತರು ಇವುಗಳಲ್ಲಿ ಒಂದನ್ನಾದರೂ ಮರೆತರೆ ಅದನ್ನು ಏನೆಂದು ಕರೆಯಬೇಕು?

ಕಯಾಕ್ ಎಂಬ ದೋಣಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಆ ಹೆಸರನ್ನು ಕೇಳಿದೊಡನೆ ನಮ್ಮವರಿಗೆ ‘ಕಾಯಕ’ ನೆನಪಾದರೆ ಆಶ್ಚರ್ಯವಿಲ್ಲ. ಎರಡು ಪದಗಳಿಗೂ ಸಂಬಂಧವಿಲ್ಲವಾದರೂ ಅರ್ಥ ಅಷ್ಟೇನೂ ದೂರವಿಲ್ಲ. ಗ್ರೀನ್‌ಲ್ಯಾಂಡ್ ಮೊದಲಾದ ಹಿಮಪ್ರದೇಶಗಳ ಇನುಯಿಟ್ ಜನರು ಸೀಲ್ ಬೇಟೆಗಾಗಿ, ಅಂದರೆ ಹೊಟ್ಟೆಯ ಪಾಡಿಗಾಗಿ ಕಟ್ಟಿದ ದೋಣಿ ಅದು. ಮರದ ಹಾಗೂ ಎಲುಬಿನ ಹಂದರದ ಮೇಲೆ ಪ್ರಾಣಿಯ ಚರ್ಮವನ್ನು ಬಿಗಿದು ಅದನ್ನು ಕಟ್ಟುತ್ತಿದ್ದರು. ನಮ್ಮ ಕೃಷ್ಣೆ, ಭೀಮೆಯ ಹರಿಗೋಲಿಗೂ ಬಿದಿರಿನ ಹಂದರ, ಚರ್ಮದ ಹೊದಿಕೆ ಇದ್ದುವೆಂಬುದನ್ನು ಇಲ್ಲಿ ನೆನೆಯಬಹುದು. ಇನುಯಿಟ್ ಬೇಟೆಗಾರನ ದೋಣಿ ಅವನ ಮೈಯ ಅಳತೆಗೆ ಸರಿಯಾಗಿ ಆಗುತ್ತಿತ್ತು. ಒಬ್ಬನದು ಇನ್ನೊಬ್ಬನಿಗೆ ಒಗ್ಗುತ್ತಿರಲಿಲ್ಲ. ಮಗುಚಿದರೆ ಆ ಹಿಮನೀರಿನಲ್ಲಿ ಕ್ಷಣ ಮಾತ್ರದ ಆಯುಷ್ಯ. ಆದುದರಿಂದ ಮಗುಚಿದ ದೋಣಿಯನ್ನು ಕುಳಿತಲ್ಲಿಂದಲೇ ಮತ್ತೆ ನೆಟ್ಟಗೆ ತಿರುಗಿಸುವ ಕೌಶಲವನ್ನು ಅವರು ಎಳೆಯ ವಯಸ್ಸಿನಿಂದಲೇ ಅಭ್ಯಾಸ ಮಾಡುತ್ತಿದ್ದರು. ಮಗುಚುವುದು ಆಕಸ್ಮಿಕವಲ್ಲ, ಮಗುಚುವುದು ದೋಣಿಯ ಧರ್ಮ ಎಂದು ತಿಳಿದು ಅಲ್ಲಿಂದಲೇ ಪಾಠವನ್ನು ಆರಂಭಿಸಿದ ಜನ ಅವರು.

ಈಗ ಸಿದ್ಧತೆಯ ಮಾತಿಗೆ ಬರೋಣ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ಬೇಡನ್ ಪೊವೆಲ್ ಅವರು ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ಅದರ ಧ್ಯೇಯ ‘ಸಿದ್ಧನಾಗಿರು’ ಎಂಬುದು. ಮನಸ್ಸಿನಲ್ಲಿ ಸಿದ್ಧನಾಗುವುದೆಂದರೆ ಒದಗಬಹುದಾದ ಅಪಘಾತವನ್ನು ಮುಂಚಿತವಾಗಿಯೇ ಚಿಂತಿಸಿ, ಆಗ ಮಾಡತಕ್ಕದ್ದನ್ನು ತಿಳಿದಿಟ್ಟುಕೊಳ್ಳುವುದು ಎಂದು ಅವರು ಅದನ್ನು ವಿವರಿಸಿದರು. ಕೆಟ್ಟದ್ದನ್ನು ಯೋಚಿಸಬಾರದು, ಅಪಶಕುನ ನುಡಿಯಬಾರದು ಎಂಬ ನಮ್ಮ ಮನೆಗಳ ಅಭ್ಯಾಸಕ್ಕೆ ಇದು ವಿರುದ್ಧವಾದುದು. ಆದರೆ ಹಿರಿಯನಾದವನು ಕೆಟ್ಟದ್ದನ್ನು ಮೊದಲೇ ಯೋಚಿಸದಿದ್ದರೆ ಆ ಯೋಚನೆಯ ಭಾರ ಕೊನೆಯ ಗಳಿಗೆಯಲ್ಲಿ ಮಗುವಿನ ತಲೆಯ ಮೇಲೆ ಬೀಳುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳದೆ ಮುಂದುವರಿಯುವುದು ಪ್ರಾಮಾಣಿಕವಾಗದು. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯಿಂದ ಮಕ್ಕಳನ್ನು ಕೃಷ್ಣೆಯ ದಂಡೆಗೆ ವನಭೋಜನಕ್ಕೆ ಕರೆದೊಯ್ದಿದ್ದೆವು. ಹೊಣೆ ನನ್ನದಾಗಿತ್ತು. ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಹಾಡಿನ ಸ್ಪರ್ಧೆ, ಬಹುಮಾನದ ಪೆನ್ನುಗಳು ಎಲ್ಲವನ್ನೂ ಅಣಿಗೊಳಿಸಿದ್ದೆ. ಸಂಜೆ ಹೊರಡುವಾಗ ಎಣಿಸಿದೆವು: ನಲವತ್ತೊಂದು. ಪಟ್ಟಿಯಲ್ಲಿ ನಲವತ್ತೆರಡು ಹೆಸರುಗಳು. ಮತ್ತೆ ಎಣಿಸಿದೆವು, ನಲವತ್ತೊಂದೇ. ಆಗ ತಿಳಿಯಿತು: ಬೆಳಿಗ್ಗೆ ಇಬ್ಬರು ಬಂದಿರಲಿಲ್ಲ ಎಂದು ಒಬ್ಬ ಶಿಕ್ಷಕರು, ಇಲ್ಲ, ಒಬ್ಬ ಬಂದಿರಲಿಲ್ಲ, ಮೇಲಾಗಿ ಇನ್ನೊಬ್ಬನ ತಮ್ಮ ಕೂಡಿಕೊಂಡಿದ್ದ ಎಂದು ಮತ್ತೊಬ್ಬರು. ಎಷ್ಟು ಮಂದಿಯನ್ನು ಕರೆತಂದಿದ್ದೇವೆಂಬುದೇ ನಮಗೆ ಗೊತ್ತಿರಲಿಲ್ಲ! ತಪ್ಪಿದ್ದ ಲೆಕ್ಕವನ್ನು ಎಷ್ಟು ಸಲ ಎಣಿಸಿದರೇನು? ಕತ್ತಲಾಗುತ್ತಿದ್ದ ಹೊಳೆಯನ್ನು ನೋಡುತ್ತ ನಿಂತ ಆ ಅರ್ಧ ಗಂಟೆ ನನ್ನ ಆಯುಷ್ಯದ ದೀರ್ಘವಾದ ಕಾಲ. ಬಳಿಕ ಒಬ್ಬ ಹುಡುಗ ಬಸ್ಸಿನ ಹಿಂಬದಿಯ ಆಸನದ ಕೆಳಗೆ ಮಲಗಿ ನಿದ್ದೆ ಹೋಗಿದ್ದುದು ಕಂಡಿತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಹುಡುಗ ಬದುಕಿದುದು ನನ್ನ ಎಚ್ಚರದಿಂದಲ್ಲವೆಂಬುದನ್ನು ನಾನು ಬಲ್ಲೆ. ಅಂದು ಏನೂ ಆಗಲಿಲ್ಲವೆಂಬ ಕಾರಣಕ್ಕೆ ನನ್ನ ತಪ್ಪು ಕಿರಿದಾಗಲಿಲ್ಲ. ಫಲವನ್ನು ನೋಡಿ ಕರ್ಮವನ್ನು ಅಳೆಯುವುದು ಲೋಕದ ರೂಢಿ. ಅಂತರಂಗದ ಅಳತೆ ಬೇರೆ.

ಆ ದಿನ ಕಲಿತುದನ್ನೂ, ಆ ಮೇಲೆ ಬಲ್ಲವರಿಂದ ಕೇಳಿ ತಿಳಿದುದನ್ನೂ ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದು ಲೆಕ್ಕ. ಹೊರಡುವ ಮುನ್ನ, ಇಳಿದ ಮೇಲೆ, ನೀರಿಗೆ ಹೋಗುವ ಮೊದಲು, ಬಂದ ಕೂಡಲೆ ಎಣಿಕೆಯಾಗಬೇಕು. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರಿಗೆ ಇನ್ನೊಬ್ಬರ ಹೊಣೆ ಕೊಡಬೇಕು. ತನ್ನ ಜೊತೆಗಾರ ಕಾಣದಿದ್ದರೆ ಕೂಗುವುದು ಚಾಡಿಯಲ್ಲ, ಧರ್ಮ ಎಂದು ಮಕ್ಕಳಿಗೆ ತಿಳಿಸಬೇಕು. ಏಕೆಂದರೆ ಮುಳುಗುವವನು ಕೂಗಿಕೊಳ್ಳುತ್ತಾನೆಂಬುದು ನಾಟಕ, ಸಿನಿಮಾಗಳು ಕಲಿಸಿದ ತಪ್ಪು ಕಲ್ಪನೆ. ಉಸಿರಿಗೇ ಎಡೆಯಿಲ್ಲದವನಿಗೆ ಕೂಗಲು ಎಲ್ಲಿಯ ಎಡೆ? ಬಹುಪಾಲು ಮುಳುಗುವಿಕೆ ಸದ್ದಿಲ್ಲದೆ, ಹತ್ತು ಮಾರು ದೂರದಲ್ಲಿಯೇ ನಡೆದುಹೋಗುತ್ತದೆ.

ಎರಡನೆಯದು ಈಜು. ಕಡಲಿಗೆ ಹೋಗುವ ವಾರ ಈಜು ಕಲಿಸಲಾಗದು. ಅದಕ್ಕೆ ತಿಂಗಳುಗಳು ಬೇಕು. ನಮ್ಮ ಹಿರಿಯರು ಮಗನ ನಡುವಿಗೆ ಹಗ್ಗ ಕಟ್ಟಿ, ಬೆನ್ನಿಗೆ ಸೋರೆಬುರುಡೆ ಬಿಗಿದು ಬಾವಿಗಿಳಿಸುತ್ತಿದ್ದರು. ಹಗ್ಗದ ತುದಿ ತಂದೆಯ ಕೈಯಲ್ಲಿ. ದಿನ ಕಳೆದಂತೆ ಹಗ್ಗ ಸಡಿಲವಾಗುತ್ತಿತ್ತು, ಒಂದು ದಿನ ಬುರುಡೆ ಕಳಚುತ್ತಿತ್ತು. ಇದಕ್ಕಿಂತ ಉತ್ತಮವಾದ ಶಿಕ್ಷಣ ತತ್ತ್ವವನ್ನು ಯಾವ ತರಬೇತಿ ಕಾಲೇಜೂ ಹೇಳಲಾರದು. ಆದರೆ ಒಂದು ಮಾತನ್ನು ಒಪ್ಪಬೇಕು: ಆ ಬಾವಿಯ ಮೆಟ್ಟಿಲುಗಳು ಗಂಡುಮಕ್ಕಳಿಗೆ ತೆರೆದಷ್ಟು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಕೊಡ ಹೊತ್ತು ದಿನಕ್ಕೆ ಹತ್ತು ಸಲ ನೀರಿನ ಬಳಿಗೆ ಹೋಗುವವಳಿಗೇ ಈಜು ಬಾರದು. ಶಾಲೆಯ ಪ್ರವಾಸದಲ್ಲಿ ಅವಳು ಹುಡುಗರಷ್ಟೇ ಹಕ್ಕಿನಿಂದ ದೋಣಿ ಏರಬೇಕಾದರೆ, ಅವಳ ಪಾಠ ಹುಡುಗರಿಗಿಂತ ಮೊದಲೇ ಆರಂಭವಾಗಬೇಕು.

ಮೂರನೆಯದು ಸಾಧನ. ಸೋರೆಬುರುಡೆಯ ಜಾಗದಲ್ಲಿ ಇಂದು ರಕ್ಷಾಕವಚ ಬಂದಿದೆ. ಕವಚವಿದ್ದರೆ ಸಾಲದು, ಅದು ಮಗುವಿನ ಅಳತೆಯದಾಗಿರಬೇಕು, ಪಟ್ಟಿಗಳೆಲ್ಲ ಬಿಗಿದಿರಬೇಕು. ದೊಡ್ಡವರ ಕವಚವನ್ನು ಸಣ್ಣ ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದೊಡನೆ ಕವಚ ಮೇಲೇರಿ ಮುಖವನ್ನು ಮುಚ್ಚುತ್ತದೆ, ಮಗು ಅದರೊಳಗಿನಿಂದ ಜಾರುತ್ತದೆ. ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಕವಚ ಕಿವಿಯವರೆಗೆ ಬಂದರೆ ಅದು ಆ ಮಗುವಿನದಲ್ಲ. ಇನುಯಿಟ್ ಜನರ ಅಳತೆಯ ದೋಣಿಯನ್ನು ಇಲ್ಲಿ ಮತ್ತೆ ನೆನೆಯಿರಿ.

ನಾಲ್ಕನೆಯದು ಮಗುಚುವ ಪಾಠ. ಅಲೆಯಲ್ಲಿ ಕಯಾಕ್ ಮಗುಚಿಯೇ ತೀರುತ್ತದೆ. ಸೊಂಟದ ಮಟ್ಟದ ಶಾಂತ ನೀರಿನಲ್ಲಿ ಮೊದಲು ಬೇಕೆಂದೇ ಮಗುಚಿಸಿ, ಗಾಬರಿಯಾಗದೆ ಹೊರಬರುವುದನ್ನು, ದೋಣಿಯನ್ನು ಬಿಡದೆ ಹಿಡಿದುಕೊಳ್ಳುವುದನ್ನು, ಅಲೆಗೂ ತನಗೂ ನಡುವೆ ದೋಣಿ ಇರುವಂತೆ ಮಾತ್ರ ನಿಲ್ಲುವುದು ತಪ್ಪೆಂಬುದನ್ನು ಕಲಿಸಬೇಕು. ಅಲೆ ಅದೇ ದೋಣಿಯನ್ನು ಎತ್ತಿ ಅವನ ಎದೆಗೆ ಅಪ್ಪಳಿಸುತ್ತದೆ. ಆದುದರಿಂದ ದೋಣಿ ಯಾವಾಗಲೂ ದಂಡೆಯ ಕಡೆಗೆ, ತಾನು ಕಡಲ ಕಡೆಗೆ. ಮೂಲ್ಕಿಯಲ್ಲಿ 2004ರಷ್ಟು ಹಿಂದೆಯೇ ಮಂತ್ರ ಸರ್ಫ್ ಕ್ಲಬ್ ಹುಟ್ಟಿ, ಅಲೆಯ ಆಟದ ವಿದ್ಯೆ ನಮ್ಮ ಕರಾವಳಿಯಲ್ಲಿ ಬೇರೂರಿದೆ. ಕಲಿಸಬಲ್ಲವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಅವರ ಮಾತು ಅಲ್ಲಿ ಕೊನೆಯ ಮಾತಾಗಬೇಕು. ಶಾಲೆಯ ಮುಖ್ಯಸ್ಥರ ಹಟವಲ್ಲ.

ಐದನೆಯದು ಉಳಿಸುವ ವಿದ್ಯೆ. ಮುಳುಗುತ್ತಿರುವ ಗೆಳೆಯನನ್ನು ಕಂಡು ಮಕ್ಕಳು ಧುಮುಕುತ್ತಾರೆ. ಒಬ್ಬನ ಜಾಗದಲ್ಲಿ ಇಬ್ಬರು, ಮೂವರು ಹೋಗುತ್ತಾರೆ. ಧೋತರ, ಸೀರೆ, ಹಗ್ಗ, ಕೋಲು, ಮುಚ್ಚಳ ಬಿಗಿದ ಖಾಲಿ ಕೊಡ, ಕೈಗೆ ಸಿಕ್ಕಿದ್ದನ್ನು ಎಸೆಯಬೇಕೇ ಹೊರತು ತನ್ನನ್ನು ಎಸೆದುಕೊಳ್ಳಬಾರದು. ದಂಡೆಗೆ ತಂದವನನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು, ಹೆಗಲ ಮೇಲೆ ಹೊತ್ತು ತಿರುಗುವುದು ಹಳೆಯ ರೂಢಿ. ಅದರಿಂದ ಅಮೂಲ್ಯವಾದ ಕ್ಷಣಗಳು ನಷ್ಟವಾಗುತ್ತವೆ. ಅವನಿಗೆ ಬೇಕಾದುದು ಉಸಿರು. ಬಾಯಿಗೆ ಬಾಯಿಟ್ಟು ಉಸಿರು ತುಂಬುವುದನ್ನೂ ಎದೆಯನ್ನು ಒತ್ತುವುದನ್ನೂ ಬಲ್ಲ ಇಬ್ಬರಾದರೂ ಶಿಕ್ಷಕರಿಲ್ಲದೆ ಬಸ್ಸು ಹೊರಡಬಾರದು.

ಆರನೆಯದು ಮೇಲಿನ ಸುದ್ದಿ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದುದು ಅವರ ತುಂಟತನದಿಂದಲ್ಲ. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ಒಮ್ಮೆಲೆ ಬಿಟ್ಟ ನೀರಿನಿಂದ. ಆಲಮಟ್ಟಿಯ 26 ಬಾಗಿಲುಗಳ ಕೆಳಗೆ ವಾಸಿಸುವವರು, ಮಹಾರಾಷ್ಟ್ರದ ಉಜನಿಯಿಂದ ಬಿಟ್ಟ ನೀರು ಭೀಮೆಯಲ್ಲಿ ಏರುವುದನ್ನು ಕಂಡವರು, ಈ ಪಾಠವನ್ನು ಬೇರೆಯವರಿಂದ ಕಲಿಯಬೇಕಿಲ್ಲ. ಇಲ್ಲಿ ಒಂದು ಹನಿ ಮಳೆಯಿಲ್ಲದಿದ್ದರೂ ಹೊಳೆ ಏರಬಹುದು. ಡೇರೆಯನ್ನು ಹೊಳೆಯ ಪಾತ್ರದಲ್ಲಿ ಹಾಕಬಾರದು. ಸಿಡಿಲಿನ ಕಾಲದಲ್ಲಿ ಒಂಟಿ ಮರದ ಕೆಳಗೂ ಹಾಕಬಾರದು.

ವಾಚಕರೇ, ಇವು ಏರ್ಪಾಡಿನ ಸಂಗತಿಗಳು, ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನ ಉತ್ತರ ಇಷ್ಟೆ: ಇಂಥ ವಿಷಯದಲ್ಲಿ ಏರ್ಪಾಡೇ ನೀತಿ. ಪ್ರೀತಿ ಸಾಲದು. ಹರ್ಣಿಯ ದೋಣಿಯಲ್ಲಿ, ತಟ್ಟೇಕ್ಕಾಡಿನ ದೋಣಿಯಲ್ಲಿ ಶಿಕ್ಷಕರು ಮಕ್ಕಳೊಡನೆಯೇ ಪ್ರಾಣ ಬಿಟ್ಟರು. ಅವರು ಮಕ್ಕಳನ್ನು ಪ್ರೀತಿಸಲಿಲ್ಲವೆಂದು ಯಾರು ಹೇಳಬಲ್ಲರು? ಆದರೆ ದೋಣಿ ತುಂಬಿ ತುಳುಕುವಾಗ “ಇದು ಹೊರಡಕೂಡದು” ಎಂದು ತಡೆಯುವ ಒಂದು ದನಿ ಅಲ್ಲಿ ಗೆಲ್ಲಲಿಲ್ಲ. ಸಾಯುವಾಗ ಜೊತೆಗಿರುವುದು ದೊಡ್ಡದು. ಹೊರಡುವಾಗ ಬೇಡವೆನ್ನುವುದು ಅದಕ್ಕಿಂತ ದೊಡ್ಡದು.

1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ಪ್ರವಾಸಕ್ಕೆ ಹೋದ ಶಾಲಾ ಮಕ್ಕಳಲ್ಲಿ ನಾಲ್ವರು ಸತ್ತರು. ಗಾಳಿ ದೋಣಿಗಳನ್ನು ಒಳಗಡಲಿಗೆ ನೂಕಿತು, ಒಂದೊಂದಾಗಿ ಮಗುಚಿದವು, ತಣ್ಣೀರಿನಲ್ಲಿ ಗಂಟೆಗಟ್ಟಲೆ ಮಕ್ಕಳು ತೇಲುತ್ತಿದ್ದರೂ ನೆರವಿಗೆ ಕರೆ ಹೋದುದು ಬಹಳ ತಡವಾಗಿ. ಆ ಕೇಂದ್ರದ ಸುರಕ್ಷತೆ ಸಾಲದೆಂದು ಅಲ್ಲಿ ಕೆಲಸ ಬಿಟ್ಟ ತರಬೇತಿದಾರರು ಹಿಂದಿನ ವರ್ಷವೇ ಬರೆದು ಎಚ್ಚರಿಸಿದ್ದರು. ಆ ಪತ್ರವನ್ನು ಲೆಕ್ಕಿಸದ ಮುಖ್ಯಸ್ಥನಿಗೆ 1994ರಲ್ಲಿ ನ್ಯಾಯಾಲಯ ಸೆರೆವಾಸ ವಿಧಿಸಿತು. 1995ರಲ್ಲಿ ಇಂಥ ಕೇಂದ್ರಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ಕಾನೂನು ಬಂತು. ಕಾನೂನು ಬಂದುದು ಒಳಿತೇ. ಆದರೆ ನಾಲ್ಕು ಶವಗಳು ಬೇಕಾದವು. ಮೊದಲೇ ಬಂದ ಎಚ್ಚರಿಕೆಯನ್ನು ಕೇಳುವ ವಿನಯ ಹಿರಿಯರಿಗಿದ್ದಿದ್ದರೆ ಸಾಕಾಗಿತ್ತು.

ಇನ್ನೊಂದು ಸೂಕ್ಷ್ಮವಿದೆ. ಪ್ರವಾಸಕ್ಕೆ ಮೊದಲು ಶಾಲೆಗಳು ಪಾಲಕರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುತ್ತವೆ. “ಏನಾದರೂ ಆದರೆ ಶಾಲೆ ಹೊಣೆಯಲ್ಲ” ಎಂಬರ್ಥದ ಸಾಲು ಅದರಲ್ಲಿರುತ್ತದೆ. ಹೆಬ್ಬೆಟ್ಟೊತ್ತುವ ತಾಯಿಗೆ ಅಲೆಯೆಂದರೇನು, ಕಯಾಕ್ ಎಂದರೇನು ಎಂದು ಯಾರೂ ಹೇಳಿರುವುದಿಲ್ಲ. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ತಿಳಿಸದೆ ಪಡೆದ ಸಹಿ ಹೊಣೆಯನ್ನು ಇಳಿಸುವುದಿಲ್ಲ, ಹೆಚ್ಚಿಸುತ್ತದೆ. ಪಾಲಕರನ್ನು ಶಾಲೆಗೆ ಕರೆದು ಕವಚವನ್ನು ಅವರ ಕೈಗೆ ಕೊಟ್ಟು, ಅಪಾಯವೇನು, ಅದಕ್ಕೆ ನಾವು ಮಾಡಿರುವುದೇನು ಎಂದು ಬಾಯಾರೆ ಹೇಳಿ, ಬಳಿಕ “ಕಳಿಸುವಿರಾ?” ಎಂದು ಕೇಳುವುದು ಧರ್ಮ. ಕಳಿಸಲಾರೆನೆಂದವರ ಮಗುವನ್ನು ತರಗತಿಯಲ್ಲಿ ಕೀಳಾಗಿ ಕಾಣದಿರುವುದು ಅದರ ಇನ್ನರ್ಧ. ಹಣವಿಲ್ಲದೆ ಹಿಂದುಳಿಯುವ ಮಗುವಿಗಾಗಿ ನಾಲ್ವರು ಹಳೆಯ ವಿದ್ಯಾರ್ಥಿಗಳು ಸದ್ದಿಲ್ಲದೆ ಕೈಗೂಡಿಸುವುದೂ ದಾಸೋಹವೇ ಸರಿ.

ಅಂತೆಯೇ ಮಗುವಿನ ಒಪ್ಪಿಗೆ. ದಂಡೆಗೆ ಬಂದ ಮೇಲೆ ಒಬ್ಬ ಹುಡುಗಿ “ನಾನು ಇಳಿಯಲಾರೆ” ಎಂದಳೆನ್ನಿ. ಎಲ್ಲರೂ ನಗುತ್ತಾರೆ, ಶಿಕ್ಷಕರು ‘ಹುರಿದುಂಬಿಸಲು’ ತೊಡಗುತ್ತಾರೆ. ನಾಚಿಕೆಗೆ ಅಂಜಿ ಅವಳು ಇಳಿಯುತ್ತಾಳೆ. ಇದರಲ್ಲಿ ಅವಳು ಕಲಿತ ಧೈರ್ಯವೇನು? ಒಂದು ಭಯವನ್ನು ಇನ್ನೊಂದು ಭಯದಿಂದ ಗೆದ್ದಂತಾಯಿತೇ ಹೊರತು ಧೈರ್ಯ ಹುಟ್ಟಲಿಲ್ಲ. ಎಲ್ಲರ ಎದುರಿಗೆ ಬೇಡವೆಂದ ಅವಳೇ ಆ ದಿನದ ಧೈರ್ಯವಂತೆ. ಅವಳಿಗೆ ದಂಡೆಯಲ್ಲಿ ಎಣಿಕೆಯ ಕೆಲಸ ಕೊಡಿ. ನಾಳೆ ತಾನಾಗಿ ಇಳಿದಾಳು. ಇಳಿಯದಿದ್ದರೂ ಕಲಿತುದೇನೂ ಕಡಿಮೆಯಾಗದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರಿದ್ದರು. ದೋಣಿ ನಡೆಸುವುದು ಅವರ ಕಾಯಕ. ಶರಣರು ಕಾಯಕವನ್ನು ಪೂಜೆಯ ಸಮಕ್ಕೆ ತಂದುದೇಕೆಂಬುದು ಅಂಬಿಗನ ಬದುಕನ್ನು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಅವನ ಕೆಲಸದಲ್ಲಿ ಸೋಗಿಗೆ ಎಡೆಯಿಲ್ಲ. ದೋಣಿಯ ತೂತನ್ನು ಮಾತಿನಿಂದ ಮುಚ್ಚಲಾಗದು. ಹೊಳೆಯ ಸೆಳೆತವನ್ನು ಪದವಿಯಿಂದ ಹೆದರಿಸಲಾಗದು. ಅವನು ಪ್ರತಿದಿನ ದೋಣಿಯ ತಳವನ್ನು ತಡವಿ ನೋಡುತ್ತಾನೆ, ನೀರಿನ ಬಣ್ಣವನ್ನು ನೋಡುತ್ತಾನೆ, ಏರುವವರ ತಲೆಗಳನ್ನು ಎಣಿಸುತ್ತಾನೆ, ಹೆಚ್ಚಾದವರನ್ನು ಅವರು ಊರ ಗೌಡರಾದರೂ ಇಳಿಸುತ್ತಾನೆ. ಆ ಮೇಲೆ ತಾನೂ ಅದೇ ದೋಣಿಯಲ್ಲಿ ಕೂರುತ್ತಾನೆ. ದಂಡೆಯಲ್ಲಿ ನಿಂತು ಬೇರೆಯವರನ್ನು ನೀರಿಗೆ ತಳ್ಳುವುದು ಅಂಬಿಗನ ಧರ್ಮವಲ್ಲ. ಅರಿಯದೆ ಜೊತೆಗೆ ಮುಳುಗುವುದೂ ಅವನ ಧರ್ಮವಲ್ಲ. ದಾಟಿಸುವುದು ಅವನ ಧರ್ಮ.

ಇಂಡಿಯ ಮಿತ್ರರಿಗೆ ಈಗ ನನ್ನ ಉತ್ತರ ಸಿದ್ಧವಾಗಿದೆ. ಹೋಗಿರಿ, ಆದರೆ ಈ ವರ್ಷವಲ್ಲ. ಈ ವರ್ಷ ಈಜು ಕಲಿಸಿರಿ. ನಿಮ್ಮ ಊರಿನ ಕಾಲುವೆ, ಹೊಂಡ, ಹೊಳೆಗಳ ಅಪಾಯವನ್ನು ಮಕ್ಕಳಿಂದಲೇ ಪಟ್ಟಿ ಮಾಡಿಸಿರಿ. ಇಬ್ಬರು ಶಿಕ್ಷಕರು ಉಸಿರು ತುಂಬುವ ವಿದ್ಯೆಯನ್ನು ಕಲಿಯಲಿ. ಒಂದು ರಾತ್ರಿ ಶಾಲೆಯ ಅಂಗಳದಲ್ಲಿಯೇ ಡೇರೆ ಹಾಕಿ ಮಲಗಿರಿ. ಮುಂದಿನ ವರ್ಷ, ಅಲೆ ಇಳಿದ ಋತುವಿನಲ್ಲಿ, ಬಲ್ಲವರ ಕೈಕೆಳಗೆ ಕಡಲಿಗೆ ಹೋಗಿರಿ. ಅಲ್ಲಿಗೆ ಹೋದ ದಿನ ಗಾಳಿ ಸರಿಯಿಲ್ಲವೆಂದು ಅಲ್ಲಿಯವರು ಹೇಳಿದರೆ, ಐದುನೂರು ಕಿಲೋಮೀಟರು ಬಂದಿದ್ದೇವೆ, ಹಣ ಕಟ್ಟಿದ್ದೇವೆ ಎನ್ನದೆ ಮಕ್ಕಳೊಡನೆ ಮರಳಿನ ಮೇಲೆ ಕುಳಿತು ಕಡಲನ್ನು ನೋಡಿ ಹಿಂತಿರುಗಿರಿ. ಹಿಂತಿರುಗಬಲ್ಲೆವೆಂಬ ನಿಶ್ಚಯವಿದ್ದವರಿಗೆ ಮಾತ್ರ ಹೊರಡುವ ಅಧಿಕಾರವುಂಟು.

ಬರುವಾಗ ಬಸ್ಸಿನ ಬಾಗಿಲಲ್ಲಿ ನಿಂತು ಎಣಿಸಿರಿ. ಬಂದಷ್ಟೇ ಸಂಖ್ಯೆ ಇರಬೇಕು. ಆ ಸಂಖ್ಯೆ ನಿಮಗೆ ಮೊದಲೇ ತಿಳಿದಿರಬೇಕು.